ಆಳನ್ನು ತೋರಿಸುವ ಹಕ್ಕಿ

ಭಾನುವಾರದ ಚಿಂತನೆಯಾದ್ದರಿಂದ ಎಂದಿಗಿಂತ ಉದ್ದವಾಗಿದೆ. ಕೆಲಸ ಮುಗಿಸಿ ಬಿಡುವಾಗಿ ಕೂತಾಗ ಓದಿ.

ಯುಗಾದಿ ಕಳೆದ ಮೊದಲ ಭಾನುವಾರ ನಾವು ಆರು ಜನ ದೊಡ್ಡವರು, ನಾಲ್ಕು ಮಕ್ಕಳು ಮಾರ್ಟಳ್ಳಿ ಕಡೆಗೆ ಹಕ್ಕಿ ನೋಡಲು ಹೋಗಿದ್ದೆವು. ಫೋಟೋಗಳನ್ನು ಗುಂಪಿಗೆ ಹಾಕಿದ್ದೆ. ಅದನ್ನು ನೋಡಿ ನಮ್ಮ ಹಿರಿಯರೊಬ್ಬರು ಬರೆದರು: "ಮೇಷ್ಟ್ರೇ, ಇದು ಹೊಟ್ಟೆ ತುಂಬಿದವರ ಹವ್ಯಾಸ. ಕೂಲಿ ಸಿಗದೆ ಜನ ತಿರುಪ್ಪೂರು, ಕೊಯಮತ್ತೂರಿಗೆ ಹೋಗುವ ಊರಿಗೆ ನೀವು ದುರ್ಬೀನು ನೇತುಹಾಕಿಕೊಂಡು ಹೋಗಿದ್ದೀರಿ. ಇದಕ್ಕೂ ಧಮ್ಮಕ್ಕೂ ಏನು ಸಂಬಂಧ?"

ನಾನು ಆಗಲೇ ಉತ್ತರ ಹಾಕಿದೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹದಿಮೂರನೆಯದು ಸಕಲ ಜೀವಿಗಳ ಮೇಲಿನ ಕರುಣೆಯದು, ಅವುಗಳ ರಕ್ಷಣೆಯದು, ಕರುಣೆ ಹುಟ್ಟಬೇಕಾದರೆ ಮೊದಲು ನೋಡಬೇಕಲ್ಲವೇ ಎಂದು. ಹತ್ತು ಹನ್ನೆರಡು ಜನ ಕೈಮುಗಿಯುವ ಚಿತ್ರ ಹಾಕಿದರು. ಹಿರಿಯರು ಸುಮ್ಮನಾದರು. ಆದರೆ ಆ ಉತ್ತರ ಅರ್ಧ ಮಾತ್ರ ನಿಜ. ಆ ದಿನ ಅಲ್ಲಿ ನಡೆದದ್ದರಲ್ಲಿ ನಾನು ಗುಂಪಿಗೆ ಹಾಕದೇ ಬಿಟ್ಟದ್ದೊಂದಿದೆ. ಅದನ್ನು ಬರೆಯದೆ ಹಿರಿಯರ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಬೆಳಗಿನ ಐದಕ್ಕೆ ಕೊಳ್ಳೇಗಾಲ ಬಿಟ್ಟೆವು. ಮಹದೇಶ್ವರ ಬೆಟ್ಟದ ಯುಗಾದಿ ಜಾತ್ರೆ ಮುಗಿಸಿ ವಾಪಸ್ಸಾಗುವ ಬಸ್ಸುಗಳು ಎದುರಿಗೆ ಬರುತ್ತಿದ್ದವು. ಹನೂರು ದಾಟುವ ಹೊತ್ತಿಗೆ ಬೆಳಕಾಯಿತು. ಹೊಲಗಳೆಲ್ಲ ಖಾಲಿ. ಮೊದಲ ಮಳೆ ಒಂದು ಹನಿ ಬಿದ್ದ ಕಡೆ ಆಗಲೇ ಉಳುಮೆ ಮಾಡಿದ್ದರು, ಉಳಿದ ಕಡೆ ಹೋದ ವರ್ಷದ ಜೋಳದ ಕೂಳೆ. ಹೊಂಗೆ ಮರ ಮಾತ್ರ ಎಣ್ಣೆ ಹಚ್ಚಿದ ಹಾಗೆ ಹೊಸ ಎಲೆಯಲ್ಲಿ ಹೊಳೆಯುತ್ತಿತ್ತು. ವಿದ್ಯುತ್ ತಂತಿಯ ಮೇಲೆ ನೀಲಕಂಠ ಒಂದೇ ಕೂತಿತ್ತು. ಅದು ಕೂತಾಗ ಮಂಕು, ಹಾರಿದಾಗ ಮಾತ್ರ ಆ ನೀಲಿ. ಮಕ್ಕಳು ವ್ಯಾನಿನಲ್ಲೇ ಎದ್ದು ನಿಂತು ಕೂಗಿದರು. ಕೌದಳ್ಳಿಯ ಆಚೆ ರಸ್ತೆ ಪಕ್ಕದ ಮುತ್ತುಗದ ಮರವೊಂದರಲ್ಲಿ ಹೂ ಉದುರಿ ಮುಗಿಯುತ್ತ ಬಂದಿತ್ತು. ಉಳಿದ ಹೂವಿಗೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡು ಮುತ್ತಿಕೊಂಡಿತ್ತು. ಮೈ ತಿಳಿ ಗುಲಾಬಿ, ತಲೆ ರೆಕ್ಕೆ ಕಪ್ಪು. ಇವು ನಮ್ಮವಲ್ಲ. ಮಧ್ಯ ಏಷ್ಯಾದಿಂದ, ಅದಕ್ಕೂ ಆಚೆ ಪೂರ್ವ ಯುರೋಪಿನಿಂದ ಚಳಿಗಾಲ ಕಳೆಯಲು ಬಂದು, ಏಪ್ರಿಲ್ ಹೊತ್ತಿಗೆ ವಾಪಸ್ ಹೊರಡುವ ಹಕ್ಕಿಗಳು. ಹೊರಡುವ ಮುಂಚೆ ಬೂರುಗ, ಮುತ್ತುಗದ ಹೂವಿನ ಜೇನು ಕುಡಿದು ಮೈ ತುಂಬಿಸಿಕೊಳ್ಳುತ್ತವೆ. ಜಾತ್ರೆಯಿಂದ ಮರಳುವವರಿಗೂ ಅವಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ, ಅಷ್ಟು ಗದ್ದಲ.

ದಾರಿಯಲ್ಲಿ ಮಡಿವಾಳ ಹಕ್ಕಿ ಕಂಡಾಗ ಎಂಟನೇ ತರಗತಿಯ ಹುಡುಗಿ ಕೇಳಿದಳು, "ಸಾರ್, ಹಕ್ಕಿಗೂ ಜಾತಿ ಇಟ್ಟಿದ್ದಾರಾ?" ಇಟ್ಟಿದ್ದಾರೆ, ಇನ್ನೇನು! ಕಪ್ಪು ಬಿಳುಪು ಬಟ್ಟೆ ಕಂಡದ್ದಕ್ಕೆ ಮಡಿವಾಳ. ಗರುಡ ಸತ್ತ ಮೀನನ್ನೂ ತಿನ್ನುತ್ತಾನೆ, ಕೆರೆ ದಂಡೆಯ ಕೊಳೆತದ್ದನ್ನೂ ಎತ್ತುತ್ತಾನೆ, ಆದರೂ ಅವನನ್ನು ಕಂಡರೆ ಕೆನ್ನೆಗೆ ಹೊಡೆದುಕೊಂಡು ಕೈಮುಗಿಯುತ್ತಾರೆ. ರಣಹದ್ದು ಮನೆ ಮಾಳಿಗೆ ಮೇಲೆ ಕೂತರೆ ಅಪಶಕುನ, ಶಾಂತಿ ಮಾಡಿಸಬೇಕು. ತಿನ್ನುವುದು ಇಬ್ಬರೂ ಸತ್ತದ್ದನ್ನೇ. ಒಬ್ಬ ದೇವರ ವಾಹನ, ಇನ್ನೊಬ್ಬ ಊರಾಚೆಯವನು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರೇ ನಕ್ಕರು.

ಮಾರ್ಟಳ್ಳಿಯ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹನೂರು ತಾಲ್ಲೂಕಿನ ಅಂಚು. ಮನೆಮಾತು ಬಹಳ ಜನಕ್ಕೆ ತಮಿಳು. ಚರ್ಚೂ ಇದೆ, ಮಾರಮ್ಮನೂ ಇದ್ದಾಳೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಸೀಮೆಯೆಲ್ಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಾಬಾಸಾಹೇಬರು ದೀಕ್ಷೆ ತೆಗೆದುಕೊಂಡ ಹದಿನೆಂಟು ದಿನಕ್ಕೆ ನಾವು ಮೈಸೂರಿನವರಾದೆವು. ಸುತ್ತಲೂ ಕಾಡು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಎಂದು ಘೋಷಣೆಯಾದದ್ದೇ ಸುಮಾರು 906 ಚದರ ಕಿಲೋಮೀಟರು. ಅದಕ್ಕೂ ಹಿಂದೆ ಅದೇ ಕಾಡು ವೀರಪ್ಪನ್ ಕಾಡು ಎನ್ನಿಸಿಕೊಂಡಿತ್ತು. ಆಗ ಕಾಡೊಳಗೆ ಸೌದೆಗೆ ಹೋದವನನ್ನು ಅವನ ಕಡೆಯವರು ಪೊಲೀಸರ ಆಳು ಎನ್ನುತ್ತಿದ್ದರು, ಪೊಲೀಸರು ಅವನ ಆಳು ಎನ್ನುತ್ತಿದ್ದರು. 1993ರ ಪಾಲಾರ್ ಸ್ಫೋಟದ ನಂತರ ಟಾಡಾ ಕಾಯ್ದೆಯಲ್ಲಿ ಹಿಡಿಸಿಕೊಂಡ ಈ ಭಾಗದ ಬಡವರು ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. 2001ರ ತೀರ್ಪಿನಲ್ಲಿ ಬಹುಪಾಲು ಜನ ಖುಲಾಸೆಯಾದರು.

ಅಂಥ ಊರಿನ ಟೀ ಅಂಗಡಿಯಲ್ಲಿ ವ್ಯಾನು ನಿಲ್ಲಿಸಿ ಟೀ ಕುಡಿದೆವು. ಅಂಗಡಿಯಮ್ಮ ದುರ್ಬೀನು ನೋಡಿ ಕೇಳಿದರು, "ಯಾವ ಡಿಪಾರ್ಟ್‌ಮೆಂಟು?" ಹಕ್ಕಿ ನೋಡಲು ಬಂದವರು ಎಂದೆ. "ಹಕ್ಕಿ ನೋಡಾಕ ವ್ಯಾನ್ ಮಾಡ್ಕಂಡು ಬತ್ತಾರ?" ಎಂದು ಒಳಗಿದ್ದವರಿಗೆ ತಮಿಳಿನಲ್ಲಿ ಏನೋ ಹೇಳಿ ನಕ್ಕರು. ನಾವೂ ನಕ್ಕೆವು.

ಊರು ದಾಟಿ ಸ್ವಲ್ಪ ದೂರದಲ್ಲಿ, ಕಾಡಿನ ಅಂಚಿಗೆ ಬೀಳುಬಿಟ್ಟ ಗರಸು ನೆಲ. ಹುಲ್ಲೂ ಸರಿಯಾಗಿಲ್ಲ. ಅಲ್ಲಿ ಒಂದು ಜೊತೆ ಹಳದಿ ಟಿಟ್ಟಿಭ. ಕಪ್ಪು ಟೋಪಿ, ಕೊಕ್ಕಿನ ಬುಡದಿಂದ ಇಳಿಬಿದ್ದ ಹಳದಿ ಚರ್ಮ, ಹಳದಿ ಕಾಲು. ಪಂಚತಂತ್ರದಲ್ಲಿ ತನ್ನ ಮೊಟ್ಟೆ ಕದ್ದ ಸಮುದ್ರದ ಮೇಲೇ ಜಗಳಕ್ಕೆ ನಿಂತ ಹಕ್ಕಿ ಇದರ ಕುಲದ್ದೇ. ಕೆಂಪು ಟಿಟ್ಟಿಭ ಕೆರೆ ಏರಿಯ ಮೇಲೆ ಎಲ್ಲರಿಗೂ ಗೊತ್ತು, ಈ ಹಳದಿಯದು ಒಣ ನೆಲದ ಹಕ್ಕಿ. ನಾನು ಎಷ್ಟೋ ದಿನದಿಂದ ಮಕ್ಕಳಿಗೆ ತೋರಿಸಬೇಕೆಂದುಕೊಂಡಿದ್ದು. ನಾವು ಹತ್ತಾರು ಮಾರು ಹಿಂದೆಯೇ ಕೂತೆವು. ಸರದಿಯಲ್ಲಿ ಒಂದೇ ದುರ್ಬೀನಿನಲ್ಲಿ ನೋಡುತ್ತಿದ್ದೆವು. ಒಂದು ಹಕ್ಕಿ ಕೂರಲು ಹೊರಟು ಮತ್ತೆ ಎದ್ದು ಓಡುತ್ತಿತ್ತು.

ಆಗ ಮೇಕೆಗಳ ಹಿಂದೆ ಒಬ್ಬ ಅಜ್ಜ ಬಂದರು. ಪಂಚೆ ಮೇಲಕ್ಕೆ ಕಟ್ಟಿ, ತಲೆಗೆ ಟವೆಲು, ಕೈಯಲ್ಲಿ ಉದ್ದನೆ ಕೋಲು. ಹಕ್ಕಿಗೂ ನಮಗೂ ನಡುವೆ ಬಂದು ನಿಂತುಬಿಟ್ಟರು. ಟಿಟ್ಟಿಭ ಕಿರುಚಿಕೊಂಡು ಎದ್ದಿತು. ನಾನು ಮೊಬೈಲು ಹಿಡಿದುಕೊಂಡು ಕಾಯುತ್ತಿದ್ದೆ. ಸಿಟ್ಟು ಬಂತು. ಕೂತಲ್ಲಿಂದಲೇ ಕೈ ಬೀಸಿ ಹೇಳಿದೆ:

"ಓಯ್, ಅತ್ತಗೆ ಸರೀರಿ, ಅತ್ತಗೆ. ಹಕ್ಕಿ ಹೋಗ್ಬುಡ್ತದ."

ಅಜ್ಜ ನಮ್ಮ ಕಡೆ ನೋಡಿದರು. ದುರ್ಬೀನು, ಟೋಪಿ, ನೀರಿನ ಬಾಟಲಿ ಎಲ್ಲ ನೋಡಿದರು. "ಆಯ್ತು ಸಾರ್" ಎಂದು ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ನಿಂತರು.

ಅಷ್ಟೇ. ಇದನ್ನೇ ನಾನು ಗುಂಪಿಗೆ ಹಾಕಿರಲಿಲ್ಲ.

ಇದರಲ್ಲಿ ಏನು ದೊಡ್ಡದು ಎಂದು ಕೆಲವರಿಗೆ ಅನ್ನಿಸಬಹುದು. ಬಹುವಚನದಲ್ಲೇ ಮಾತಾಡಿದ್ದೆ, ಬೈಯಲಿಲ್ಲ. ಆದರೆ 'ಅತ್ತಗೆ ಸರಿ' ಎನ್ನುವ ಮಾತು ನನ್ನ ಬಾಯಿಂದ ಬಂದ ಕ್ಷಣವೇ ಅದನ್ನು ಎಲ್ಲಿ ಕೇಳಿದ್ದೆ ಎನ್ನುವುದು ನೆನಪಾಯಿತು. ನನ್ನ ತಾತ ಊರಿನ ಸತ್ತ ದನ ಸಾಗಿಸುತ್ತಿದ್ದವರು. ದೊಡ್ಡ ಬೀದಿಯಲ್ಲಿ ಎದುರಿಗೆ ಯಾರಾದರೂ ಬಂದರೆ 'ಅತ್ತಗ ಸರಿಲಾ' ಎನ್ನಿಸಿಕೊಂಡು, 'ಆಯ್ತು ಬುದ್ದಿ' ಎಂದು ಚರಂಡಿಯ ಕಡೆಗೆ ಇಳಿದು ನಿಲ್ಲುತ್ತಿದ್ದರು. ನಾನು ಆರೇಳು ವರ್ಷದವನು, ಅವರ ಬೆರಳು ಹಿಡಿದುಕೊಂಡು ನಾನೂ ಇಳಿದಿದ್ದೇನೆ. ಆ 'ಬುದ್ದಿ'ಗೂ ಈ 'ಸಾರ್'ಗೂ ಎಷ್ಟು ದೂರ? ನಾನು ಎಂಎ ಓದಿದೆ, ದೀಕ್ಷೆ ತೆಗೆದುಕೊಂಡೆ, ಕೆಲಸ ಸಿಕ್ಕಿತು, ದುರ್ಬೀನು ಕೊಂಡೆ. ಕೊಂಡ ದುರ್ಬೀನಿನಲ್ಲಿ ಅರ್ಧ ಫರ್ಲಾಂಗು ದೂರದ ಹಕ್ಕಿಯ ಕೊಕ್ಕಿನ ಬುಡದ ಹಳದಿ ಚರ್ಮ ಸ್ಪಷ್ಟವಾಗಿ ಕಂಡಿತು. ನಡುವೆ ನಿಂತ ಮನುಷ್ಯ ಅಡ್ಡಿಯಾಗಿ ಮಾತ್ರ ಕಂಡರು.

ಮಕ್ಕಳು ಏನೂ ಗಮನಿಸಲಿಲ್ಲ. ಬಹುಶಃ ಗಮನಿಸಿದರು, ಹೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ನಾನೇ ಎದ್ದು ಅಜ್ಜನ ಹತ್ತಿರ ಹೋದೆ. ಏನು ಹೇಳುವುದೆಂದು ತೋಚದೆ ಹಕ್ಕಿಯ ಹೆಸರು ಕೇಳಿದೆ. ಮೇಷ್ಟ್ರ ಚಾಳಿ. ಅವರು, "ಅದಾ? ಆಳ್‌ಕಾಟ್ಟಿ" ಎಂದರು. ತಮಿಳಿನಲ್ಲಿ ಟಿಟ್ಟಿಭಕ್ಕೆ ಇರುವ ಹೆಸರೇ ಅದು. ಆಳನ್ನು ಕಾಟ್ಟುವುದು, ಅಂದರೆ ಮನುಷ್ಯನನ್ನು ತೋರಿಸಿಕೊಡುವುದು. ಯಾರು ಹತ್ತಿರ ಬಂದರೂ ಕೂಗಿ ಸುತ್ತಲ ಕಾಡಿಗೆಲ್ಲ ಹೇಳಿಬಿಡುತ್ತದೆ. "ಆ ಕಾಲ್ದಲ್ಲಿ ಇದನ್ನ ಕಂಡ್ರೆ ಆಗ್ತಿರ್ಲಿಲ್ಲ ಸಾರ್. ಸೌದೆಗೆ ಹೋದ್ರೆ ಕೂಗೋದು. ಯಾರಿಗೆ ಕೇಳ್ತೋ, ಯಾರು ಬಂದ್ರೋ" ಎಂದರು. ಯಾವ ಕಾಲ ಎಂದು ನಾನು ಕೇಳಲಿಲ್ಲ.

ಆಮೇಲೆ ಕೋಲಿನಿಂದ ನೆಲ ತೋರಿಸಿದರು. ಮೊದಲು ನನಗೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ ಬರೀ ನೆಲದ ಮೇಲೆ, ಗರಸು ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ, ಸುತ್ತ ನಾಲ್ಕು ಬೆಣಚು ಚೂರು. ಮೇಕೆಯ ಗೊರಸು ಒಂದು ಬಿದ್ದರೆ ಮುಗಿಯಿತು. ಅವರು ಹತ್ತು ದಿನದಿಂದ ಆ ಜಾಗದಲ್ಲಿ ಬಂದು ನಿಂತು ಮೇಕೆಗಳನ್ನು ಆಚೆ ಹಾಯಿಸುತ್ತಿದ್ದರಂತೆ. ನಾನು ಸರಿಯಲು ಹೇಳಿದಾಗ ನಿಂತಿದ್ದದ್ದೂ ಅದಕ್ಕೇ.

ರಾಜಕುಮಾರ ಸಿದ್ಧಾರ್ಥ ದೇವದತ್ತನ ಬಾಣ ತಾಗಿದ ಹಕ್ಕಿಯನ್ನು ಉಳಿಸಿದ ಕಥೆ ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಹೊಡೆದವನದೋ, ಕಾಯ್ದವನದೋ? ಕಾಯ್ದವನದು. ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ನಾಟಕ ಆಡಿಸುತ್ತೇವೆ. ಆ ಕಥೆಯಲ್ಲಿ ಮೂರನೆಯವನೊಬ್ಬ ಇಲ್ಲ, ದೂರ ಕೂತು ಹಕ್ಕಿಯ ಫೋಟೋ ತೆಗೆಯುವವನು. ಅವನು ಹೊಡೆಯುವುದೂ ಇಲ್ಲ, ಕಾಯುವುದೂ ಇಲ್ಲ. ಕಾಯುವವನನ್ನು ಅತ್ತ ಸರಿ ಎನ್ನುತ್ತಾನೆ.

ಇನ್ನೊಂದು ಕಥೆ ಇದೆ, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಉಳುಮೆಯ ಹಬ್ಬದ ದಿನ ಸಿದ್ಧಾರ್ಥ ಹೊಲದ ಬದಿಗೆ ಬಂದದ್ದು, ನೇರಳೆ ಮರದ ಕೆಳಗೆ ಕೂತದ್ದು. ಅಶ್ವಘೋಷ ತನ್ನ ಬುದ್ಧಚರಿತದಲ್ಲಿ ಅದನ್ನು ವಿವರವಾಗಿ ಬರೆದಿದ್ದಾನೆ: ನೇಗಿಲಿಗೆ ಸಿಕ್ಕಿ ಕಿತ್ತುಬಂದ ಹುಲ್ಲು, ಸತ್ತು ಚೆಲ್ಲಾಡಿದ ಹುಳುಗಳು, ದಣಿದ ಎತ್ತು, ಬಿಸಿಲಿಗೆ ಗಾಳಿಗೆ ಬಣ್ಣಗೆಟ್ಟ ಉಳುವವರ ಮೈ. ಎಲ್ಲವನ್ನೂ ಒಂದೇ ನೋಟದಲ್ಲಿ ಕಂಡು ಮರುಗುತ್ತಾನೆ. 1957ರಲ್ಲಿ, ಬಾಬಾಸಾಹೇಬರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲೂ ಸಿದ್ಧಾರ್ಥ ಹೊಲಕ್ಕೆ ಹೋಗುತ್ತಾನೆ. ಅಲ್ಲಿ ಬಾಬಾಸಾಹೇಬರು ಹುಳುವಿನ ಮೇಲೆ ಬೆಳಕು ಹಾಯಿಸುವುದಿಲ್ಲ. ಸುಡುವ ಬಿಸಿಲಿನಲ್ಲಿ, ಮೈ ಮುಚ್ಚಲು ಸಾಲದ ಬಟ್ಟೆಯಲ್ಲಿ ದುಡಿಯುವ ಆಳುಗಳನ್ನು ತೋರಿಸುತ್ತಾರೆ. ಒಬ್ಬ ಮನುಷ್ಯ ಇನ್ನೊಬ್ಬನ ದುಡಿಮೆಯನ್ನು ಸುಲಿದು ತಿನ್ನುವುದು ಸರಿಯೇ ಎಂದು ಸಿದ್ಧಾರ್ಥನ ಬಾಯಲ್ಲಿ ಕೇಳಿಸುತ್ತಾರೆ. ಯಾಕೆಂದು ನಮಗೆ ಹೇಳಬೇಕಾಗಿಲ್ಲ. ಇರುವೆಗೆ ಸಕ್ಕರೆ ಹಾಕುವವರು, ಹಾವಿಗೆ ಹಾಲೆರೆಯುವವರು, ಆಳಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಕೊಡುತ್ತಿದ್ದ ದೇಶ ಇದು. ಇಲ್ಲಿ ಹುಳುವಿಗೆ ಮರುಗುವ ಕಣ್ಣು ಎಂದೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಆಳನ್ನು ಕಾಣುವ ಕಣ್ಣು.

ತಮಿಳಿನ 'ಆಳ್' ಎಂದರೆ ಮನುಷ್ಯ. ಕನ್ನಡದಲ್ಲಿ ನಾವು 'ಆಳು' ಎಂದರೆ ಕೂಲಿಯವನು ಎಂದುಕೊಂಡಿದ್ದೇವೆ. ಒಂದೇ ಬೇರಿನ ಮಾತು. ಆ ಹಕ್ಕಿ ನನಗೆ ಎರಡನ್ನೂ ತೋರಿಸಿತು ಎಂದರೆ ತೀರಾ ಮೇಷ್ಟ್ರ ಪಾಠದ ಹಾಗಾಗುತ್ತದೆ. ಆದರೂ ಅದರ ಹೆಸರು ಕೇಳಿದಾಗ ನನಗೆ ಮುಖ ಎತ್ತಲಾಗಲಿಲ್ಲ.

ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹಕ್ಕಿ ನೋಡುವುದು ಹೊಟ್ಟೆ ತುಂಬಿದವರ ಹವ್ಯಾಸ ಎನ್ನುವುದರಲ್ಲಿ ಸತ್ಯವಿದೆ. ಆದರೆ ಹಾಗೆಂದು ಕಾಡನ್ನೂ ಹಕ್ಕಿಯನ್ನೂ ಅವರಿಗೇ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ಅದಕ್ಕೆ ಕಾರಣವೂ ಮಾರ್ಟಳ್ಳಿಯ ಸುತ್ತಲೇ ಇದೆ.

2018ರ ಡಿಸೆಂಬರ್ 14 ನಿಮಗೆಲ್ಲ ನೆನಪಿದೆ. ಮಾರ್ಟಳ್ಳಿ ಪಕ್ಕದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಯ ಪ್ರಸಾದ. ಅದಕ್ಕೆ ಹೊಲಕ್ಕೆ ಹೊಡೆಯುವ ಕೀಟನಾಶಕ ಬೆರೆಸಿದ್ದರು. 17 ಜನ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆಗಳಲ್ಲಿ ಮಲಗಿದರು. ಬಹುಪಾಲು ಕೂಲಿ ಮಾಡುವ ಮನೆಯವರು. ಚೆಲ್ಲಿದ ಅನ್ನ ತಿಂದ ಕಾಗೆಗಳೂ ಸತ್ತುಬಿದ್ದವೆಂದು ಆಗ ಪತ್ರಿಕೆಗಳಲ್ಲಿ ಓದಿದ್ದೆವು. 2025ರ ಜೂನ್‌ನಲ್ಲಿ ಇದೇ ವನ್ಯಧಾಮದ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಸಿಕ್ಕವು. ಹುಲಿ ಹೊಡೆದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಹಸು ಕಳೆದುಕೊಂಡ ಸಿಟ್ಟಿಗೆ ಮಾಡಿದ್ದು ಎನ್ನುವುದು ಆರೋಪ.

ನಮ್ಮ ಕಡೆ ಕೀಟನಾಶಕವನ್ನು ಯಾರೂ ವಿಷ ಎನ್ನುವುದಿಲ್ಲ. 'ಔಷ್ದಿ' ಎನ್ನುತ್ತೇವೆ. ಔಷ್ದಿ ಹೊಡೆದ, ಔಷ್ದಿ ಕುಡಿದ. ಎರಡಕ್ಕೂ ಒಂದೇ ಮಾತು. ಭಗವಾನ್ ಬುದ್ಧರು ಉಪಾಸಕರು ಮಾಡಬಾರದೆಂದ ಐದು ವ್ಯಾಪಾರಗಳು ಅಂಗುತ್ತರ ನಿಕಾಯದಲ್ಲಿವೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಐದನೆಯದನ್ನು ಓದುವಾಗ ನಾವು ಹಳೇ ಕಾಲದ ರಾಜರ ಅರಮನೆಯ ಸಂಚು ಎಂದುಕೊಂಡು ಮುಂದೆ ಹೋಗುತ್ತೇವೆ. ಅದು ನಮ್ಮ ಅಡುಗೆಮನೆಯ ಅಟ್ಟದ ಮೇಲೆ, ಹಳೇ ಎಣ್ಣೆ ಡಬ್ಬದ ಪಕ್ಕದಲ್ಲಿದೆ. ಔಷ್ದಿ ಅಂಗಡಿ ಇಟ್ಟವರು ನಮ್ಮಲ್ಲೂ ಇದ್ದಾರೆ. ಅವರನ್ನು ನೋಯಿಸಲು ಬರೆಯುತ್ತಿಲ್ಲ, ಆ ಔಷ್ದಿ ಇಲ್ಲದೆ ಬೆಳೆ ಎತ್ತುವುದು ಹೇಗೆ ಎಂದು ನನಗೆ ನೀವು ಕೇಳಿದರೆ ನನ್ನಲ್ಲಿ ಸಿದ್ಧ ಉತ್ತರ ಇಲ್ಲ.

ಆದರೆ ವಿಷದ ಒಂದು ಗುಣ ನೋಡಿ. ಅದಕ್ಕೆ ಗುರಿ ಇರುವುದಿಲ್ಲ. ಪ್ರಸಾದಕ್ಕೆ ಹಾಕಿದ್ದು ಕಾಗೆಗೂ ಹೋಗುತ್ತದೆ. ಹುಲಿಗೆಂದು ಹೆಣಕ್ಕೆ ಹಾಕಿದ್ದು ಆ ಹೆಣಕ್ಕೆ ಬರುವ ಪ್ರತಿಯೊಂದು ಬಾಯಿಗೂ ಹೋಗುತ್ತದೆ. ಮರಿಗಳು ಮಾಡಿದ್ದೇನು? ಇನ್ನು ರಣಹದ್ದಿನ ಕಥೆಯಲ್ಲಿ ಯಾರಿಗೂ ಕೊಲ್ಲುವ ಮನಸ್ಸೂ ಇರಲಿಲ್ಲ. ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎನ್ನುವ ಔಷಧಿ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, ತೊಂಬತ್ತರ ದಶಕದಿಂದ ಹತ್ತು ಹದಿನೈದು ವರ್ಷದಲ್ಲಿ ಆಕಾಶವೇ ಖಾಲಿಯಾಯಿತು. ಜಾನುವಾರಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ತಾತ ಹೇಳುತ್ತಿದ್ದರು, ಹೆಣ ಇಳಿಸುವ ಮೊದಲೇ ಬೇಲಿಯ ಮರದ ಮೇಲೆ ಅವು ಬಂದು ಕೂತಿರುತ್ತಿದ್ದವಂತೆ. ಸತ್ತ ದನದ ಬಾಡು ಬಿಡಿ, ಆ ಕೆಲಸ ಬಿಡಿ ಎಂದು ಬಾಬಾಸಾಹೇಬರು 1927ರಲ್ಲಿ ಮಹಾಡಿನಲ್ಲಿ ಹೇಳಿದ ಮಾತು ನಮ್ಮ ಕೇರಿಗೆ ಮುಟ್ಟಲು ಬಹಳ ವರ್ಷ ಹಿಡಿಯಿತು. ಮುಟ್ಟಿದ ಮೇಲೆ ತಾತ ಬಿಟ್ಟರು. ಬಿಟ್ಟದ್ದು ಅವರ ಬಾಳಿನ ದೊಡ್ಡ ಹೆಮ್ಮೆ. ಹದ್ದಿಗೆ ಬಿಡುವ ದಾರಿ ಇರಲಿಲ್ಲ. ಆ ದಿನ ಮಾರ್ಟಳ್ಳಿಯ ಮೇಲೆ ನಾನು ಎಷ್ಟೋ ಸಲ ತಲೆ ಎತ್ತಿ ನೋಡಿದೆ. ಒಂದೂ ಕಾಣಲಿಲ್ಲ.

ಬಾಬಾಸಾಹೇಬರು ಅಹಿಂಸೆಯ ಬಗ್ಗೆ ಬರೆಯುವಾಗ ಎರಡು ಮಾತನ್ನು ಬೇರೆ ಮಾಡುತ್ತಾರೆ. ಕೊಲ್ಲುವ ಇಚ್ಛೆ ಒಂದು, ಕೊಲ್ಲುವ ಅಗತ್ಯ ಇನ್ನೊಂದು. ಬುದ್ಧರು ನಿಷೇಧಿಸಿದ್ದು ಮೊದಲನೆಯದನ್ನು ಎನ್ನುತ್ತಾರೆ. ಜೊತೆಗೆ, ಅಹಿಂಸೆ ಕಟ್ಟಳೆಯಲ್ಲ, ತತ್ವ. ಕಟ್ಟಳೆಯಾದರೆ ಕಣ್ಣು ಮುಚ್ಚಿ ಪಾಲಿಸಬಹುದು, ತತ್ವವಾದರೆ ಪ್ರತಿ ಸಲವೂ ನೀನೇ ಯೋಚಿಸಬೇಕು. ಸುಳ್ವಾಡಿಯದು ಬರೀ ಇಚ್ಛೆ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಮೀಣ್ಯಂದು? ಹಸು ಸತ್ತವನ ನಷ್ಟ ನಿಜ, ಹೊಟ್ಟೆ ಉರಿ ನಿಜ. ಆದರೆ ಸತ್ತ ಹಸುವಿಗೆ ವಿಷ ಹಾಕಿದರೆ ಹಸು ಬರುವುದಿಲ್ಲ. ಅಲ್ಲಿ ಅಗತ್ಯ ಆಗಲೇ ಮುಗಿದು ಇಚ್ಛೆ ಶುರುವಾಗಿತ್ತು. ನಾನು ಹೀಗೆ ಯೋಚಿಸುತ್ತೇನೆ. ಆದರೆ ಅಲ್ಲಿಗೆ ನಿಲ್ಲಿಸಿದರೆ ನಾನು ಮತ್ತೆ ದೂರ ಕೂತು ದುರ್ಬೀನಿನಲ್ಲಿ ನೋಡಿದ ಹಾಗೆಯೇ. ಹುಲಿಗಳು ಸತ್ತ ಮೇಲೆ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸುತ್ತೇವೆಂಬ ಮಾತು ಸರ್ಕಾರದಿಂದ ಬಂತು. ಬೆಟ್ಟದ ಸುತ್ತಿನ ಜನ ಪ್ರತಿಭಟಿಸಿದರು. ಆ ಸುದ್ದಿಗಳ ಕೆಳಗೆ ನಗರದ ಪ್ರಾಣಿಪ್ರಿಯರು ಬರೆದದ್ದನ್ನು ನಾನು ಓದಿದ್ದೇನೆ. ಇವರನ್ನೆಲ್ಲ ಕಾಡಿನಿಂದ ಆಚೆಗೆ ಹಾಕಿ ಎನ್ನುವುದೇ ಸಾರ. ಅತ್ತಗ ಸರಿಲಾ.

ಅಜ್ಜನನ್ನು ಇದರ ಬಗ್ಗೆ ಕೇಳಿದೆ. ಅವರು ಹುಲಿ ಪರವೂ ಮಾತಾಡಲಿಲ್ಲ, ದನದ ಪರವೂ ಮಾತಾಡಲಿಲ್ಲ. "ಮರಿ ಏನ್ ಮಾಡ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಮೇಕೆ ಮಾರಿ ಅಂದ್ರು. ಮಾರಿ ಏನ್ ಮಾಡಾದು?" ಎಂದರು. ಅವರನ್ನು ಸಂತನನ್ನಾಗಿ ಮಾಡಲು ನನಗೆ ಇಷ್ಟವಿಲ್ಲ. ಚಿಕ್ಕಂದಿನಲ್ಲಿ ಉರುಲು ಹಾಕಿ ಗೌಜಲು ಹಿಡಿದು ತಿನ್ನುತ್ತಿದ್ದುದನ್ನು ಅವರೇ ಬಾಯಿ ಚಪ್ಪರಿಸಿಕೊಂಡು ಹೇಳಿದರು. ಗೌಜಲು ತಿಂದವರು ಆಳ್‌ಕಾಟ್ಟಿಯ ಮೊಟ್ಟೆ ಯಾಕೆ ಕಾಯುತ್ತಾರೆ? ಕೇಳಿದ್ದಕ್ಕೆ, "ಅದು ನನ್ನನ್ನ ದಿನಾ ನೋಡ್ತದಲ್ಲ ಸಾರ್" ಎಂದರು.

ನಾನು ಹಕ್ಕಿಯನ್ನು ನೋಡಲು ಎಪ್ಪತ್ತು ಎಂಬತ್ತು ಕಿಲೋಮೀಟರು ಹೋಗಿದ್ದೆ. ಹಕ್ಕಿ ತನ್ನನ್ನು ನೋಡುತ್ತದೆ ಎನ್ನುವುದು ಅವರಿಗೆ ಮೊಟ್ಟೆ ಕಾಯಲು ಸಾಕಷ್ಟು ಕಾರಣವಾಗಿತ್ತು. ಮೊದಲನೆಯ ಶೀಲವನ್ನು, ಪಾಣಾತಿಪಾತಾ ವೇರಮಣಿಯನ್ನು, ನಾವು ಪ್ರತಿದಿನ ಪಾಲಿಯಲ್ಲಿ ಹೇಳುತ್ತೇವೆ. ಕೊಲ್ಲದಿದ್ದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ನಾನು ಯಾವ ಹಕ್ಕಿಯನ್ನೂ ಕೊಂದವನಲ್ಲ, ಗೌಜಲನ್ನೂ ತಿಂದವನಲ್ಲ. ಆ ಬೆಳಿಗ್ಗೆ ಆ ನೆಲದಲ್ಲಿ ಶೀಲ ಕಾಯುತ್ತಿದ್ದವರು ಯಾರು ಎಂದು ಮಕ್ಕಳು ಕೇಳಿದ್ದರೆ ಏನು ಹೇಳುತ್ತಿದ್ದೆ?

ಹಿರಿಯರೇ, ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ. ಹಕ್ಕಿ ನೋಡುವುದನ್ನು ಬಿಟ್ಟರೆ ಕೂಲಿಯವನ ಕಡೆಗೆ ನಮ್ಮ ಕಣ್ಣು ತಾನಾಗಿ ತಿರುಗುತ್ತದೆ ಎನ್ನುವ ಹಾಗೆ ನೀವು ಬರೆದಿದ್ದೀರಿ. ನಾನು ಹಕ್ಕಿ ನೋಡದೆ ಇದ್ದ ಮೂವತ್ತು ವರ್ಷಗಳಲ್ಲಿ ಎಷ್ಟು ಮೇಕೆ ಕಾಯುವವರನ್ನು ಕಂಡೆ? ಬಸ್ಸಿನ ಕಿಟಕಿಯಿಂದ ಎಲ್ಲರೂ ಕಂಡಿದ್ದರು, ಒಬ್ಬರೂ ಕಂಡಿರಲಿಲ್ಲ. ಆ ಅಜ್ಜನ ಎದುರು ನಿಲ್ಲುವ ಹಾಗೆ ಮಾಡಿದ್ದು ಆ ಹಕ್ಕಿಯೇ. ನಮ್ಮ ಜನಕ್ಕೆ ಕೆರೆಯ ನೀರು ಬೇಕು ಎಂದಾಗ ಬಾಬಾಸಾಹೇಬರು ನೀರು ಕುಡಿಯುವುದು ಮೇಲ್ಜಾತಿಯ ಚಟ ಎನ್ನಲಿಲ್ಲ. ವಸಂತದ ಬೆಳಗೂ, ಮುತ್ತುಗದ ಮರವೂ, ಕಬ್ಬಕ್ಕಿಯ ಹಿಂಡೂ ನಮ್ಮ ಮಕ್ಕಳಿಗೆ ಸೇರಬೇಕು. ನಮ್ಮ ತಾತಂದಿರು ಈ ಕಾಡಿನ ಅಂಚಿನಲ್ಲೇ ಬದುಕಿದರು. ತಲೆ ಎತ್ತಿ ಸುಮ್ಮನೆ ಒಂದು ಹಕ್ಕಿ ನೋಡುವಷ್ಟು ಬಿಡುವನ್ನು ಅವರಿಗೆ ಯಾರೂ ಕೊಡಲಿಲ್ಲ.

ಕ್ಷಮೆ ಕೇಳಿದಿರಾ ಎಂದು ನೀವು ಕೇಳಬಹುದು. ಕೇಳಲಿಲ್ಲ. ಹೊರಡುವಾಗ ಮಕ್ಕಳಿಗೆಂದು ತಂದಿದ್ದ ಬಿಸ್ಕತ್ತಿನ ಪೊಟ್ಟಣ ಕೊಡಲು ಕೈ ಮುಂದೆ ಮಾಡಿದೆ. ಅದೂ ಬೇರೆ ರೀತಿಯ ಅತ್ತಗೆ ಸರಿ ಅನ್ನಿಸಿ ಅರ್ಧಕ್ಕೆ ನಿಂತೆ. ಅವರು ಅದನ್ನು ಗಮನಿಸದವರಂತೆ ದುರ್ಬೀನು ತೋರಿಸಿ, "ಇದ್ರಲ್ಲಿ ಏನ್ ಕಾಣ್ತದ?" ಎಂದರು. ಕೊಟ್ಟೆ. ತಿರುಗಿಸಿ ಹಿಡಿದುಕೊಂಡರು. ನಮ್ಮ ಎಂಟನೇ ತರಗತಿಯ ಹುಡುಗಿ ಸರಿಮಾಡಿ ಹಿಡಿಸಿದಳು. ಬಹಳ ಹೊತ್ತು ನೋಡಿದರು. ಹಕ್ಕಿಯನ್ನಲ್ಲ, ದಿಬ್ಬದ ಮೇಲೆ ಹೋಗಿದ್ದ ತಮ್ಮ ಮೇಕೆಗಳನ್ನು. "ಎಲ್ಲಾ ಅವೆ" ಎಂದು ವಾಪಸ್ ಕೊಟ್ಟರು.

ಮೊಟ್ಟೆ ಒಡೆದು ಮರಿಯಾಗಲು ಒಟ್ಟು ಸುಮಾರು ನಾಲ್ಕು ವಾರ ಬೇಕು. ಹತ್ತು ದಿನ ಆಗಲೇ ಕಳೆದಿದೆ, ಆ ಲೆಕ್ಕ ನೋಡಿಕೊಂಡು ಇನ್ನು ಎರಡು ವಾರ ಬಿಟ್ಟು ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ವ್ಯಾನಿನಲ್ಲಿ ಮೂರು ಸೀಟು ಖಾಲಿ ಇವೆ. ಪ್ರಶ್ನೆ ಕೇಳಿದ ಹಿರಿಯರಿಗೆ ಒಂದನ್ನು ಇಟ್ಟಿದ್ದೇನೆ, ಬರಬೇಕು. ಬೆಳಿಗ್ಗೆ ಐದಕ್ಕೆ ಕೊಳ್ಳೇಗಾಲ ಬಸ್ ನಿಲ್ದಾಣದ ಎದುರು.

ನಮೋ ಬುದ್ಧಾಯ, ಜೈಭೀಮ್.